ಬೆಳಿಗ್ಗೆ ಒಂಬತ್ತೂವರೆಗೆ ನೆಟ್‌ವರ್ಕ್ ತಡವರಿಸುತ್ತದೆ: ಸ್ಪ್ಯಾನಿಂಗ್ ಟ್ರೀ ಆಫ್ ಮಾಡಿಬಿಡಲೇ?

ಮೂರನೇ_ಮಹಡಿ:

ಎಲ್ಲರಿಗೂ ನಮಸ್ಕಾರ. ಮೂರು ಮಹಡಿಯ ಕಚೇರಿ, ಪಕ್ಕದಲ್ಲೇ ಲ್ಯಾಬ್ ಕಟ್ಟಡ. ಕೋರ್‌ನಲ್ಲಿ (ಎಲ್ಲ ಸ್ವಿಚ್‌ಗಳೂ ಬಂದು ಸೇರುವ ಕೇಂದ್ರದಲ್ಲಿ) ಸಿಸ್ಕೊ ಕ್ಯಾಟಲಿಸ್ಟ್ 3850 ಸ್ವಿಚ್ ಎರಡಿವೆ. ಸ್ಟ್ಯಾಕ್ ಮಾಡಿಲ್ಲ (ಸೇರಿಸಿ ಒಂದೇ ಸ್ವಿಚ್‌ನಂತೆ ಮಾಡಿಲ್ಲ), ನಡುವೆ ಒಂದೇ ಟ್ರಂಕ್ (ಹಲವು ವಿಲ್ಯಾನ್, ಅಂದರೆ ಒಂದೇ ತಂತಿಯ ಮೇಲಿನ ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಒಯ್ಯುವ ಲಿಂಕ್). ಆಕ್ಸೆಸ್‌ಗೆ (ಪಿಸಿ, ಫೋನ್ ಸೇರುವ ಕಡೆ) 2960-ಎಕ್ಸ್ ಒಂಬತ್ತು, ಮೂರನೇ ಮಹಡಿಯಲ್ಲಿ ಎಚ್‌ಪಿ 2530 ಎರಡು. ಪ್ರತಿಯೊಂದರಿಂದಲೂ ಎರಡು ಕೋರ್‌ಗೂ ಒಂದೊಂದು ಗಿಗಾಬಿಟ್ ಅಪ್‌ಲಿಂಕ್. ಲ್ಯಾಬ್‌ನ 2960-ಎಕ್ಸ್ ಹಿಂದೆ ಒಂದು ಹಳೆಯ 2960 ಇದೆ, 100 ಎಂಬಿ ಪೋರ್ಟ್‌ಗಳದ್ದು, ಅಪ್‌ಲಿಂಕ್ ಮಾತ್ರ ಗಿಗಾಬಿಟ್. ವಿಲ್ಯಾನ್ 10 ಡೇಟಾ, 20 ಫೋನ್, 30 ಕ್ಯಾಮೆರಾ. ಲೂಪ್ ಆಗದಂತೆ ಹೆಚ್ಚುವರಿ ದಾರಿ ಬ್ಲಾಕ್ ಮಾಡುವ ಸ್ಪ್ಯಾನಿಂಗ್ ಟ್ರೀ (ಎಸ್‌ಟಿಪಿ) ಸಿಸ್ಕೊ ಎಲ್ಲದರಲ್ಲೂ ವಿಲ್ಯಾನ್‌ಗೊಂದರಂತೆ ಓಡುವ ವೇಗದ ಬಗೆ, ರ‍್ಯಾಪಿಡ್-ಪಿವಿಎಸ್‌ಟಿ.

ತೊಂದರೆ ಎರಡು ಬಗೆಯದು. ಬೆಳಿಗ್ಗೆ 9.30ರಿಂದ 10ರವರೆಗೆ ಫೋನ್ ದನಿ ಕಡಿಕಡಿದು ಬರುತ್ತದೆ, ಪಿಂಗ್ ಎರಡು ಮೂರು ಸೆಕೆಂಡ್ ನಿಂತು ಮತ್ತೆ ಬರುತ್ತದೆ. ಕೆಲವು ಪಿಸಿಗಳಿಗೆ ಮೊದಲ ಸಲ ಐಪಿ ಸಿಗುವುದಿಲ್ಲ. ಇನ್ನೊಂದು, ಹೋದ ವಾರ ಒಮ್ಮೆ ಇಡೀ ನೆಟ್‌ವರ್ಕ್ ಮಲಗಿತು, ಲ್ಯಾಬ್ ಕಡೆಯ ಕೇಬಲ್ ಕಿತ್ತ ಮೇಲೆ ಎದ್ದಿತು. ಆ ಹೊತ್ತಿನಲ್ಲಿ ಕೋರ್-1ರ ಲಾಗ್ ತುಂಬ ಮ್ಯಾಕ್ (ಸಾಧನದ ಹಾರ್ಡ್‌ವೇರ್ ವಿಳಾಸ) ಫ್ಲ್ಯಾಪ್: ಒಂದೇ ಮ್ಯಾಕ್ ಗಿಗ್ 1/0/3 ಮತ್ತು ಗಿಗ್ 1/0/12ರ ನಡುವೆ ಓಡಾಡುತ್ತಿದೆ ಎಂದು.

ಕೋರ್-1ರಲ್ಲಿ ವಿಲ್ಯಾನ್ 10ಕ್ಕೆ: ರೂಟ್‌ನ (ದಾರಿಯ ಲೆಕ್ಕ ಶುರುವಾಗುವ ಮುಖ್ಯ ಸ್ವಿಚ್‌ನ) ಪ್ರಯಾರಿಟಿ 32778, ಕಾಸ್ಟ್ (ಅಲ್ಲಿಗಿರುವ ದೂರ) 8, ರೂಟ್ ಪೋರ್ಟ್ ಗಿಗ್ 1/0/12. ಕೋರ್-2ರಲ್ಲಿ ಕೋರ್-1ರ ಕಡೆಯ ಟ್ರಂಕ್ ‘ಆಲ್ಟರ್ನೇಟ್, ಬ್ಲಾಕಿಂಗ್’ ಅಂತಿದೆ.

ವೆಂಡರ್ ಕಡೆಯವರು “ಎಸ್‌ಟಿಪಿ ಆಫ್ ಮಾಡಿ, ಸರಿಹೋಗುತ್ತೆ” ಅನ್ನುತ್ತಿದ್ದಾರೆ. ಮಾಡಲೇ?

ರೂಟ್_ಬ್ರಿಜ್:

ಖಂಡಿತ ಬೇಡ. ಎರಡೆರಡು ಅಪ್‌ಲಿಂಕ್ ಇಟ್ಟುಕೊಂಡು ಎಸ್‌ಟಿಪಿ ಆಫ್ ಮಾಡಿದರೆ ಹೋದ ವಾರದ ಕಥೆ ದಿನವಿಡೀ ನಡೆಯುತ್ತದೆ. ಐಪಿ ಪ್ಯಾಕೆಟ್‌ಗಾದರೆ ಟಿಟಿಎಲ್ (ಇಷ್ಟು ರೂಟರ್ ದಾಟಿದ ಮೇಲೆ ಬಿಸಾಡಿಸುವ ಎಣಿಕೆ) ಇದೆ. ಈಥರ್‌ನೆಟ್ ಫ್ರೇಮ್‌ಗೆ ಅಂಥದ್ದೇನೂ ಇಲ್ಲ, ಸುತ್ತಲು ಶುರುವಾದ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಫ್ರೇಮ್) ಲಿಂಕ್ ಕೀಳುವವರೆಗೂ ಸುತ್ತುತ್ತಲೇ ಇರುತ್ತದೆ.

ನೀವು ಕೊಟ್ಟ ಮೂರು ಸಾಲಿನಲ್ಲೇ ಅರ್ಧ ಉತ್ತರ ಇದೆ. 32778 ಅಂದರೆ ಡಿಫಾಲ್ಟ್ 32768ಕ್ಕೆ ವಿಲ್ಯಾನ್ ಸಂಖ್ಯೆ 10 ಸೇರಿದ್ದು. ಅಂದರೆ ಯಾರೂ ಪ್ರಯಾರಿಟಿ ಮುಟ್ಟಿಲ್ಲ. ಕಡಿಮೆ ಪ್ರಯಾರಿಟಿಯವನು ರೂಟ್, ಎಲ್ಲರದೂ ಸಮವಾದಾಗ ಅತಿ ಚಿಕ್ಕ ಮ್ಯಾಕ್ ಇರುವವನೇ ರೂಟ್, ಅದು ಸಾಮಾನ್ಯವಾಗಿ ಮೂಲೆಯಲ್ಲಿ ಬಿದ್ದಿರುವ ಅತಿ ಹಳೆಯ ಸ್ವಿಚ್. ಕಾಸ್ಟ್ 8 ಅಂದರೆ ಎರಡು ಗಿಗಾಬಿಟ್ ಹಾದಿ, 4+4. ಆಕ್ಸೆಸ್ ಸ್ವಿಚ್ ಹಿಂದೆ ಇನ್ನೊಂದು ಸ್ವಿಚ್ ಇರುವುದು ಲ್ಯಾಬ್‌ನಲ್ಲಿ ಮಾತ್ರ, ಹಾಗಾಗಿ ನಿಮ್ಮ ರೂಟ್ ಲ್ಯಾಬ್‌ನ ಹಳೆಯ 2960. ಎರಡೂ ಕೋರ್ ಅದರಿಂದ ಸಮದೂರದಲ್ಲಿರುವುದರಿಂದ ಅವುಗಳ ನಡುವಿನ ಟ್ರಂಕ್ ಒಂದು ತುದಿಯಲ್ಲಿ ಬ್ಲಾಕ್ ಆಗಿದೆ. ಕೋರ್-1ರಿಂದ ಕೋರ್-2ಕ್ಕೆ ಹೋಗುವುದೆಲ್ಲ ಈಗ ಲ್ಯಾಬ್‌ನ ಆಕ್ಸೆಸ್ ಸ್ವಿಚ್ ಸುತ್ತಿ ಹೋಗುತ್ತಿದೆ!

ಬೆಳಗಿನ ತಡವರಿಕೆ ಟೊಪಾಲಜಿ ಚೇಂಜ್‌ನದ್ದು (ಟಿಸಿ, ಅಂದರೆ ಯಾವುದೋ ಪೋರ್ಟ್‌ನ ಸ್ಥಿತಿ ಬದಲಾಯಿತೆಂಬ ಸೂಚನೆ) ಅನ್ನಿಸುತ್ತದೆ. ಪೋರ್ಟ್‌ಫಾಸ್ಟ್ (ಕಾಯದೆ ಕೂಡಲೇ ಫಾರ್ವರ್ಡ್ ಮಾಡುವ ಸೆಟ್ಟಿಂಗ್) ಇಲ್ಲದ ಪೋರ್ಟ್‌ಗೆ ಪಿಸಿ ಹಾಕಿದರೆ, ಆ ಕಡೆ ಉತ್ತರ ಕೊಡುವ ಸ್ವಿಚ್ ಇಲ್ಲದ್ದರಿಂದ ರ‍್ಯಾಪಿಡ್ ಮೋಡ್‌ನಲ್ಲೂ 15+15 ಸೆಕೆಂಡ್ ಕಾದೇ ಫಾರ್ವರ್ಡಿಂಗ್‌ಗೆ ಬರುತ್ತದೆ. ಐಪಿ ಕೊಡಿಸುವ ಡಿಎಚ್‌ಸಿಪಿ ಅಷ್ಟರಲ್ಲಿ ಕೈಚೆಲ್ಲಿರುತ್ತದೆ. ಬಂದ ತಕ್ಷಣ ಟಿಸಿ ಹುಟ್ಟುತ್ತದೆ, ಆ ವಿಲ್ಯಾನ್‌ನ ಎಲ್ಲ ಸ್ವಿಚ್‌ಗಳೂ ಕಲಿತ ಮ್ಯಾಕ್‌ಗಳನ್ನು ಅಳಿಸುತ್ತವೆ. ಮತ್ತೆ ಕಲಿಯುವವರೆಗೆ ಫೈಲ್ ಸರ್ವರ್‌ನ ಟ್ರಾಫಿಕ್ ಎಲ್ಲ ಪೋರ್ಟ್‌ಗೂ ಸುರಿಯುತ್ತದೆ. ಫೋನ್ 100 ಎಂಬಿಯದಾದರೆ ಆ ಸುರಿಮಳೆಯಲ್ಲಿ ದನಿ ಕೊಚ್ಚಿಹೋಗುತ್ತದೆ. ಒಬ್ಬರಾದ ಮೇಲೊಬ್ಬರು ಬಂದು ಪಿಸಿ ಆನ್ ಮಾಡುವ ಹೊತ್ತೇ 9.30.

ಕೋರ್-1ರಲ್ಲಿ ಇದನ್ನು ಕೊಟ್ಟು ನೋಡಿ:

ಶೋ ಸ್ಪ್ಯಾನಿಂಗ್-ಟ್ರೀ ವಿಲ್ಯಾನ್ 10 ಡಿಟೇಲ್

ಅದರಲ್ಲಿ ಟೊಪಾಲಜಿ ಚೇಂಜ್ ಎಷ್ಟಾಗಿದೆ, ಕೊನೆಯದು ಎಷ್ಟು ಹೊತ್ತಿನ ಹಿಂದೆ, ಯಾವ ಪೋರ್ಟ್‌ನಿಂದ ಎಂಬ ಸಾಲುಗಳಿರುತ್ತವೆ. ಆ ಪೋರ್ಟ್‌ನ ಆಚೆ ಯಾವ ಸ್ವಿಚ್ ಎಂದು ‘ಶೋ ಸಿಡಿಪಿ ನೇಬರ್ಸ್’ನಲ್ಲಿ ನೋಡಿ, ಅಲ್ಲಿ ಹೋಗಿ ಅದೇ ಕಮಾಂಡ್. ಮುಂದೆ ಸ್ವಿಚ್ ಇಲ್ಲದ ಪೋರ್ಟ್ ಸಿಗುವವರೆಗೆ ಹೀಗೇ ಹೋಗಿ. ಊಹೆ ಮಾಡಿ ಕೇಬಲ್ ಕೀಳಬೇಡಿ.

ಮೂರನೇ_ಮಹಡಿ:

ಹಿಡಿದುಕೊಂಡು ಹೋದೆ. ಕೋರ್-1ರಲ್ಲಿ ಎಣಿಕೆ 4812, ಕೊನೆಯದು 41 ಸೆಕೆಂಡ್ ಹಿಂದೆ, ಗಿಗ್ 1/0/12ರಿಂದ. ಕೊನೆಗೆ ಮುಟ್ಟಿದ್ದು ಹಳೆಯ 2960ರ ಫಾಸ್ಟ್ 0/7. ಪ್ರಿಂಟರ್ ಪೋರ್ಟ್ ಅದು, ಲಿಂಕ್ ನಿಮಿಷಕ್ಕೊಮ್ಮೆ ಬಿದ್ದು ಏಳುತ್ತಿದೆ. ಪೋರ್ಟ್‌ಫಾಸ್ಟ್ ಇಲ್ಲ. ಬೇರೆ ಸ್ವಿಚ್‌ಗಳಲ್ಲೂ ಅರ್ಧಕ್ಕರ್ಧ ಪೋರ್ಟ್‌ಗಳಿಗೆ ಇಲ್ಲ.

ಅಲ್ಲೇ ಇನ್ನೊಂದು ಕಂಡಿತು. ಮೇಜಿನ ಕೆಳಗೆ ಎಂಟು ಪೋರ್ಟಿನ ಸಣ್ಣ ಸ್ವಿಚ್ ಇದೆ, ಮ್ಯಾನೇಜ್ಡ್ ಅಲ್ಲ (ಕಾನ್ಫಿಗರ್ ಮಾಡಲಾಗದ್ದು). ಹೋದ ವಾರ ಕಿತ್ತ ಕೇಬಲ್ ಅದರದ್ದೇ. ಅದರಿಂದ ಫಾಸ್ಟ್ 0/18 ಮತ್ತು 0/19 ಎರಡಕ್ಕೂ ಕೇಬಲ್ ಹೋಗಿತ್ತು. ಆ ಎರಡೂ ಪೋರ್ಟ್‌ನಲ್ಲಿ ‘ಪೋರ್ಟ್‌ಫಾಸ್ಟ್’ ಜೊತೆಗೆ ‘ಬಿಪಿಡಿಯು ಫಿಲ್ಟರ್ ಎನೇಬಲ್’ ಅಂತಿದೆ. ಫಿಲ್ಟರ್ ಇದ್ದೂ ಲೂಪ್ ಏಕಾಯಿತು?

ಎಡ್ಜ್_ಪೋರ್ಟ್:

ಫಿಲ್ಟರ್ ಇದ್ದದ್ದರಿಂದಲೇ ಆಯಿತು. ಬಿಪಿಡಿಯು ಅಂದರೆ ಎಸ್‌ಟಿಪಿಗಾಗಿ ಸ್ವಿಚ್‌ಗಳು ಒಂದಕ್ಕೊಂದು ಕಳಿಸುವ ಸಂದೇಶ. ಬಿಪಿಡಿಯು ಗಾರ್ಡ್ ಮತ್ತು ಫಿಲ್ಟರ್ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ, ಕೆಲಸ ಮಾತ್ರ ತದ್ವಿರುದ್ಧ. ಗಾರ್ಡ್ ಇದ್ದರೆ ಬಿಪಿಡಿಯು ಬಂದ ಕ್ಷಣವೇ ಪೋರ್ಟ್ ಎರರ್-ಡಿಸೇಬಲ್ ಆಗುತ್ತದೆ, ಅಂದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಟರ್‌ಫೇಸ್ ಮೇಲೆ ನೇರವಾಗಿ ಫಿಲ್ಟರ್ ಹಾಕಿದರೆ ಪೋರ್ಟ್ ಬಿಪಿಡಿಯು ಕಳಿಸುವುದೂ ಇಲ್ಲ, ಬಂದದ್ದನ್ನು ನೋಡುವುದೂ ಇಲ್ಲ. ಅಂದರೆ ಆ ಪೋರ್ಟ್ ಮಟ್ಟಿಗೆ ಎಸ್‌ಟಿಪಿ ಆಫ್. ಎರಡನ್ನೂ ಒಟ್ಟಿಗೆ ಹಾಕಿದರೆ ಗೆಲ್ಲುವುದು ಫಿಲ್ಟರ್, ಗಾರ್ಡ್ ಹೆಸರಿಗೆ ಮಾತ್ರ ಇರುತ್ತದೆ.

ಇಂಟರ್‌ಫೇಸ್‌ಗಳಿಂದ ಫಿಲ್ಟರ್ ಸಾಲು ಹುಡುಕಿ ತೆಗೆಯಿರಿ, ಒಂದೂ ಉಳಿಯಬಾರದು. ಆಮೇಲೆ ಗ್ಲೋಬಲ್ ಆಗಿ:

ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್ ಡಿಫಾಲ್ಟ್
ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್ ಬಿಪಿಡಿಯುಗಾರ್ಡ್ ಡಿಫಾಲ್ಟ್

ಮೊದಲನೆಯದು ಟ್ರಂಕ್ ಅಲ್ಲದ ಪೋರ್ಟ್‌ಗಳಿಗೆ ಮಾತ್ರ ಹತ್ತುತ್ತದೆ. ಅದಕ್ಕೇ ಹಾಕುವ ಮುಂಚೆ ಅಪ್‌ಲಿಂಕ್‌ಗಳು ನಿಜವಾಗಿಯೂ ಟ್ರಂಕ್ ಆಗಿವೆಯೇ ನೋಡಿಕೊಳ್ಳಿ. ಆಕ್ಸೆಸ್ ಮೋಡ್‌ನಲ್ಲೇ ಇನ್ನೊಂದು ಸ್ವಿಚ್ ತಗುಲಿಸಿದ್ದರೆ ಗಾರ್ಡ್ ಅದನ್ನು ಆ ಕ್ಷಣಕ್ಕೇ ಕತ್ತರಿಸುತ್ತದೆ.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಮ್ಯಾನೇಜ್ಡ್ ಅಲ್ಲದ ಸ್ವಿಚ್‌ಗಳಲ್ಲಿ ಕೆಲವು ಬಿಪಿಡಿಯುವನ್ನು ದಾಟಿಸುತ್ತವೆ, ಕೆಲವು ನುಂಗಿಬಿಡುತ್ತವೆ. ದಾಟಿಸಿದರೆ 0/18ರಿಂದ ಹೊರಟದ್ದು 0/19ಕ್ಕೆ ಬರುತ್ತದೆ, ಗಾರ್ಡ್ ಹಿಡಿಯುತ್ತದೆ. ನುಂಗಿದರೆ ಎಸ್‌ಟಿಪಿಗೆ ಕಣ್ಣೇ ಇಲ್ಲ. ನಿಮ್ಮದು ಯಾವ ಜಾತಿ ಎಂದು ತಿಳಿಯಲು, ಫಿಲ್ಟರ್ ತೆಗೆದ ಮೇಲೆ ಒಂದೇ ಕೇಬಲ್‌ನಲ್ಲಿ ಅದನ್ನು 2960ಕ್ಕೆ ಸೇರಿಸಿ, ಅದರ ಇನ್ನೊಂದು ಪೋರ್ಟ್‌ಗೆ ಲ್ಯಾಪ್‌ಟಾಪ್ ಹಾಕಿ ವೈರ್‌ಶಾರ್ಕ್ (ಪ್ಯಾಕೆಟ್ ಹಿಡಿದು ತೋರಿಸುವ ಸಾಫ್ಟ್‌ವೇರ್) ಓಡಿಸಿ. ಎರಡು ಸೆಕೆಂಡ್‌ಗೊಂದು ಬಿಪಿಡಿಯು ಕಂಡರೆ ದಾಟಿಸುತ್ತಿದೆ. ಕಾಣದಿದ್ದರೆ ಆ ಡಬ್ಬಿಯನ್ನು ಅಲ್ಲಿಂದ ತೆಗೆಸುವುದೇ ಒಳ್ಳೆಯದು.

ಎರಡೂ ಸಂದರ್ಭಕ್ಕೆ ಸ್ಟಾರ್ಮ್ ಕಂಟ್ರೋಲ್ (ಬ್ರಾಡ್‌ಕಾಸ್ಟ್‌ಗೆ ಮಿತಿ) ಇರಲಿ: ಆಕ್ಸೆಸ್ ಪೋರ್ಟ್‌ಗಳಲ್ಲಿ ‘ಸ್ಟಾರ್ಮ್-ಕಂಟ್ರೋಲ್ ಬ್ರಾಡ್‌ಕಾಸ್ಟ್ ಲೆವೆಲ್ 1.00’. ಗಿಗಾಬಿಟ್ ಪೋರ್ಟ್‌ನಲ್ಲಿ ಅದು 10 ಎಂಬಿಪಿಎಸ್, 100ರ ಪೋರ್ಟ್‌ನಲ್ಲಿ 1 ಎಂಬಿಪಿಎಸ್. ಮೊದಲ ಒಂದೆರಡು ವಾರ ‘ಆ್ಯಕ್ಷನ್ ಟ್ರ್ಯಾಪ್’ (ಎಚ್ಚರಿಕೆ ಸಂದೇಶ) ಇಟ್ಟು ಗಮನಿಸಿ, ಆಮೇಲೆ ‘ಆ್ಯಕ್ಷನ್ ಶಟ್‌ಡೌನ್’.

ಐಪಿ ಫೋನ್‌ಗಳ ಬಗ್ಗೆಯೂ ಎಚ್ಚರ. ಮೇಜು ಸರಿಸಿದಾಗ ಫೋನಿನ ಪಿಸಿ ಪೋರ್ಟ್‌ನ ಕೇಬಲ್ಲನ್ನೂ ಗೋಡೆಯ ಸಾಕೆಟ್‌ಗೇ ಚುಚ್ಚುವವರಿದ್ದಾರೆ. ಅದೂ ಇದೇ ಲೂಪ್.

ಟ್ರಂಕ್_ಲೈನ್:

ಎಲ್ಲರೂ ಎಚ್‌ಪಿ ಜೋಡಿಯನ್ನು ಮರೆತಿರಿ. ಆ ಸಾಲಿನ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಡಿಫಾಲ್ಟ್ ಆಗಿ ಆಫ್ ಇರುತ್ತದೆ, ಆನ್ ಮಾಡಿದರೆ ಓಡುವುದು ಎಂಎಸ್‌ಟಿಪಿ (ಎಂಎಸ್‌ಟಿ), ಹಲವು ವಿಲ್ಯಾನ್‌ಗಳನ್ನು ಸೇರಿಸಿ ಒಂದೊಂದು ಟ್ರೀ ಓಡಿಸುವ ಬಗೆ. ‘ಶೋ ಸ್ಪ್ಯಾನಿಂಗ್-ಟ್ರೀ’ ಕೊಟ್ಟು ನೋಡಿ, ಆಫ್ ಇದ್ದರೆ ಆಶ್ಚರ್ಯವಿಲ್ಲ.

ಹಾಗಿದ್ದೂ ಈವರೆಗೆ ಅಲ್ಲಿ ಲೂಪ್ ಆಗದಿರಲು ಕಾರಣ ಇದೆ. ಸಿಸ್ಕೊ ಪ್ರತಿ ವಿಲ್ಯಾನ್‌ನ ಬಿಪಿಡಿಯುವನ್ನು ತನ್ನದೇ ವಿಳಾಸಕ್ಕೆ ಕಳಿಸುತ್ತದೆ: 01-00-0ಸಿ-ಸಿಸಿ-ಸಿಸಿ-ಸಿಡಿ. ಐಇಇಇ (ಮಾನಕ ಸಂಸ್ಥೆ) ವಿಳಾಸ 01-80-ಸಿ2-00-00-00 ಬೇರೆ. ಎಚ್‌ಪಿಗೆ ಮೊದಲನೆಯದು ಬರೀ ಒಂದು ಮಲ್ಟಿಕಾಸ್ಟ್ (ಗುಂಪಿಗೆ ಕಳಿಸಿದ ಫ್ರೇಮ್), ಹಾಗೇ ದಾಟಿಸುತ್ತದೆ. ಒಂದು ಕೋರ್‌ನ ಬಿಪಿಡಿಯು ಎಚ್‌ಪಿಯ ಹೊಟ್ಟೆಯೊಳಗಿಂದ ಇನ್ನೊಂದು ಕೋರ್ ತಲುಪುತ್ತದೆ, ಅಲ್ಲೊಂದು ಪೋರ್ಟ್ ಬ್ಲಾಕ್ ಆಗುತ್ತದೆ. ಯಾರಾದರೂ ಆ ಮಲ್ಟಿಕಾಸ್ಟ್ ತಡೆದ ದಿನ ಮುಗಿಯಿತು.

ಎಚ್‌ಪಿಯಲ್ಲಿ ಎಂಎಸ್‌ಟಿಪಿ ಆನ್ ಮಾಡಿ ಸಿಸ್ಕೊ ಪಿವಿಎಸ್‌ಟಿಯಲ್ಲೇ ಬಿಡುವುದು ಅರೆಬರೆ ಕೆಲಸ. ಎಚ್‌ಪಿಗೆ ಅರ್ಥವಾಗುವುದು ವಿಲ್ಯಾನ್ 1ರ ಪರವಾಗಿ ಟ್ಯಾಗ್ ಇಲ್ಲದೆ ಬರುವ ಐಇಇಇ ಬಿಪಿಡಿಯು ಒಂದೇ. ಸೆಕ್ಯುರಿಟಿ ಹೆಸರಲ್ಲಿ ಟ್ರಂಕ್‌ನಿಂದ ವಿಲ್ಯಾನ್ 1 ತೆಗೆದಿದ್ದರೆ ಅದೂ ಹೋಗುವುದಿಲ್ಲ.

ಬೇರೆ ಬೇರೆ ಕಂಪನಿಯ ಸ್ವಿಚ್ ಇರುವ ಕಡೆ ಎಲ್ಲವನ್ನೂ ಎಂಎಸ್‌ಟಿಗೆ ತರುವುದೇ ನೆಮ್ಮದಿ. ರೀಜನ್ (ಒಂದೇ ಎಂಎಸ್‌ಟಿ ಹೊಂದಿಕೆಯ ಸ್ವಿಚ್‌ಗಳ ಗುಂಪು) ಹೆಸರು, ರಿವಿಷನ್ ಸಂಖ್ಯೆ, ಯಾವ ವಿಲ್ಯಾನ್ ಯಾವ ಇನ್‌ಸ್ಟೆನ್ಸ್‌ಗೆ (ಯಾವ ಟ್ರೀಗೆ) ಎಂಬ ಹಂಚಿಕೆ, ಈ ಮೂರೂ ಎಲ್ಲ ಕಡೆ ಅಕ್ಷರಶಃ ಒಂದೇ ಇರಬೇಕು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಯಾದರೂ ರೀಜನ್ ಬೇರೆಯಾಗುತ್ತದೆ. ಎಚ್‌ಪಿಯಲ್ಲಿ ಡಿಫಾಲ್ಟ್ ಹೆಸರು ಆ ಸ್ವಿಚ್‌ನ ಮ್ಯಾಕ್, ಬದಲಿಸದಿದ್ದರೆ ಪ್ರತಿಯೊಂದೂ ತನ್ನದೇ ರೀಜನ್. ಬಳಸುವ, ಬಳಸದ ಎಲ್ಲ ವಿಲ್ಯಾನ್‌ಗಳನ್ನೂ ಈಗಲೇ ಇನ್‌ಸ್ಟೆನ್ಸ್ 1ಕ್ಕೆ ಹಂಚಿಬಿಡಿ. ನಾಳೆ ವಿಲ್ಯಾನ್ 40 ಬಂದಾಗ ಹಂಚಿಕೆ ಬದಲಿಸಲು ಹೋದರೆ ಡೈಜೆಸ್ಟ್ (ಹಂಚಿಕೆಯಿಂದ ಲೆಕ್ಕ ಹಾಕಿದ ಗುರುತು) ಬದಲಾಗಿ ಎಲ್ಲ ಸ್ವಿಚ್‌ಗೂ ಮತ್ತೆ ಕೈಹಾಕಬೇಕು. ಪ್ರಯಾರಿಟಿ ಎಚ್‌ಪಿಯಲ್ಲಿ 0ಯಿಂದ 15, ಅದನ್ನು 4096ರಿಂದ ಗುಣಿಸಿಕೊಳ್ಳಿ. 8 ಅಂದರೆ 32768.

ಇದು ರಜೆ ದಿನದ ಕೆಲಸ. ಅಲ್ಲಿಯವರೆಗೆ ಎಚ್‌ಪಿಗಳ ಎರಡನೇ ಅಪ್‌ಲಿಂಕ್ ಶಟ್ ಮಾಡಿಡುವುದು ಕ್ಷೇಮ.

ರೂಟ್_ಬ್ರಿಜ್:

ಎಂಎಸ್‌ಟಿ ಬಗ್ಗೆ ಒಪ್ಪುತ್ತೇನೆ, ಆದರೆ ರೂಟ್ ಸರಿಪಡಿಸಲು ಅದಕ್ಕೆ ಕಾಯಬೇಕಿಲ್ಲ. ಕೋರ್-1ರಲ್ಲಿ:

ಸ್ಪ್ಯಾನಿಂಗ್-ಟ್ರೀ ವಿಲ್ಯಾನ್ 1-4094 ಪ್ರಯಾರಿಟಿ 4096

ಕೋರ್-2ರಲ್ಲಿ ಅದೇ ಸಾಲು, 8192. ‘ರೂಟ್ ಪ್ರೈಮರಿ’ ಬಳಸಬೇಡಿ. ಅದು ಕೊಟ್ಟ ಕ್ಷಣದ ರೂಟ್ ನೋಡಿ ಒಂದು ಸಂಖ್ಯೆ ಬರೆಯುತ್ತದೆ ಅಷ್ಟೇ, ಆಮೇಲೆ ಅದಕ್ಕಿಂತ ಕಡಿಮೆಯವನು ಬಂದರೆ ಸುಮ್ಮನಿರುತ್ತದೆ.

ಕೋರ್‌ಗಳ ನಡುವೆ ಒಂದೇ ಟ್ರಂಕ್ ಸಾಲದು, ಎರಡು ಲಿಂಕ್‌ನ ಎಲ್‌ಎಸಿಪಿ ಪೋರ್ಟ್-ಚಾನೆಲ್ ಮಾಡಿ, ಎರಡೂ ಸೇರಿ ಒಂದೇ ಲಿಂಕ್‌ನಂತಾಗುತ್ತವೆ. ಅದಾದ ಮೇಲೆ ಕೋರ್‌ನಿಂದ ಆಕ್ಸೆಸ್ ಕಡೆ ಹೋಗುವ ಪೋರ್ಟ್‌ಗಳಿಗೆ ರೂಟ್ ಗಾರ್ಡ್, ಅಂದರೆ ಆ ಕಡೆಯ ಯಾವುದೂ ರೂಟ್ ಆಗದಂತೆ ಕಾವಲು. ಈ ಕ್ರಮ ತಪ್ಪಬಾರದು. ರೂಟ್ ಬದಲಿಸುವ ಮುಂಚೆ ಗಾರ್ಡ್ ಹಾಕಿದರೆ 1/0/12 ‘ರೂಟ್ ಇನ್‌ಕನ್ಸಿಸ್ಟೆಂಟ್’ ಆಗಿ ಲ್ಯಾಬ್ ಕಡಿದುಹೋಗುತ್ತದೆ. ಕೋರ್‌ನಿಂದ ಕೋರ್‌ಗೆ ಹೋಗುವ ಲಿಂಕ್‌ಗೆ ರೂಟ್ ಗಾರ್ಡ್ ಹಾಕಲೇಬೇಡಿ, ಕೋರ್-1ರ ಬಿಪಿಡಿಯು ಕೋರ್-2ಕ್ಕೆ ಬರುವುದು ಆ ದಾರಿಯಿಂದಲೇ.

ಮೂರನೇ_ಮಹಡಿ:

ಎಚ್‌ಪಿಯಲ್ಲಿ ಎಸ್‌ಟಿಪಿ ಆಫ್ ಇದೆ, ಹೌದು. ಎರಡನೇ ಅಪ್‌ಲಿಂಕ್ ಶಟ್ ಮಾಡಿದೆ. ಎರರ್-ಡಿಸೇಬಲ್ ಆದ ಪೋರ್ಟ್ ತಾನಾಗಿ ಏಳುವ ಹಾಗೆ ಇಡಬಹುದೇ? ರಾತ್ರಿ ಪಾಳಿಯಲ್ಲಿ ನೆಟ್‌ವರ್ಕ್‌ನವರು ಯಾರೂ ಇರುವುದಿಲ್ಲ. ಇನ್ನೊಂದು, ಕೆಲಸದ ಹೊತ್ತಿನಲ್ಲೇ ಪ್ರಯಾರಿಟಿ ಬದಲಿಸಬಹುದೇ?

ಎಡ್ಜ್_ಪೋರ್ಟ್:

ಬಿಪಿಡಿಯು ಗಾರ್ಡ್‌ಗೆ ಇಡಬಹುದು. ‘ಎರರ್‌ಡಿಸೇಬಲ್ ರಿಕವರಿ ಕಾಸ್ ಬಿಪಿಡಿಯುಗಾರ್ಡ್’ ಕೊಟ್ಟರೆ ಡಿಫಾಲ್ಟ್ 300 ಸೆಕೆಂಡ್‌ಗೆ ಏಳುತ್ತದೆ. ಲೂಪ್ ಇನ್ನೂ ಇದ್ದರೆ ಮುಂದಿನ ಬಿಪಿಡಿಯುಗೆ ಮತ್ತೆ ಮಲಗುತ್ತದೆ, ಹಾನಿ ಕಡಿಮೆ. ಸ್ಟಾರ್ಮ್ ಕಂಟ್ರೋಲ್‌ಗೆ ಮಾತ್ರ ಇಡಬೇಡಿ. ಅಲ್ಲಿ ಪೋರ್ಟ್ ಮಲಗಬೇಕಾದರೆ ಮೊದಲು ಬಿರುಗಾಳಿ ಏಳಲೇಬೇಕು. ಐದು ನಿಮಿಷಕ್ಕೊಮ್ಮೆ ಎಲ್ಲರ ಫೋನೂ ಕಡಿಯುತ್ತದೆ.

ರೂಟ್_ಬ್ರಿಜ್:

ಪ್ರಯಾರಿಟಿ ಬದಲಿಸುವ ಮುಂಚೆ ಲ್ಯಾಬ್‌ನ 2960-ಎಕ್ಸ್‌ನಲ್ಲಿ ‘ಶೋ ಸ್ಪ್ಯಾನಿಂಗ್-ಟ್ರೀ’ ಕೊಟ್ಟು ಕೊನೆಯ ಕಾಲಂ ಓದಿ. ‘ಪಿ2ಪಿ’ ಅಂತಿದ್ದರೆ ಸರಿ. ‘ಎಸ್‌ಎಚ್‌ಆರ್’ ಅಂತಿದ್ದರೆ ಲಿಂಕ್ ಹಾಫ್ ಡ್ಯೂಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕಿಗೆ) ಬಿದ್ದಿದೆ. ‘ಪಿ2ಪಿ ಪಿಯರ್ ಎಸ್‌ಟಿಪಿ’ ಇದ್ದರೆ ಆಚೆಯವನು ಹಳೆಯ ಎಸ್‌ಟಿಪಿ ಮಾತಾಡುತ್ತಿದ್ದಾನೆ. ಹಳೆಯ 2960ರ ಡಿಫಾಲ್ಟ್ ಪಿವಿಎಸ್‌ಟಿ, ರ‍್ಯಾಪಿಡ್ ಅಲ್ಲ. ನನಗೆ ಅನುಮಾನ ಅದರ ಮೇಲೆಯೇ.

ಎಲ್ಲ ಪಿ2ಪಿ ಇದ್ದರೆ ರೂಟ್ ಬದಲಾವಣೆ ಒಂದೆರಡು ಸೆಕೆಂಡ್‌ನಲ್ಲಿ ಮುಗಿಯುತ್ತದೆ. ನಡುವೆ ಹಳೆಯ ಮೋಡ್ ಇದ್ದರೆ ಆ ಭಾಗಕ್ಕೆ 30 ಸೆಕೆಂಡ್ ಹೋಗುತ್ತದೆ. ಊಟದ ಹೊತ್ತೂ ಬೇಡ, ಸಂಜೆ ಆರರ ಮೇಲೆ ಮಾಡಿ.

ಮೂರನೇ_ಮಹಡಿ:

ಹಳೆಯ 2960ರ ಕಡೆ ‘ಪಿಯರ್ ಎಸ್‌ಟಿಪಿ’ ಅಂತಲೇ ಇದೆ. ಸಂಜೆ ಮೊದಲು ಅದರ ಮೋಡ್ ಬದಲಿಸಿ, ಆಮೇಲೆ ಕೋರ್-1, ಕೋರ್-2, ಪೋರ್ಟ್-ಚಾನೆಲ್, ಕೊನೆಗೆ ರೂಟ್ ಗಾರ್ಡ್. ಸರಿ ತಾನೆ?

ರೂಟ್_ಬ್ರಿಜ್:

ಸರಿ. ಮೋಡ್ ಬದಲಿಸಿದಾಗ ಆ ಸ್ವಿಚ್‌ನ ಎಸ್‌ಟಿಪಿ ಹೊಸದಾಗಿ ಶುರುವಾಗುತ್ತದೆ, ಲ್ಯಾಬ್‌ನವರಿಗೆ ಮುಂಚೆ ಹೇಳಿಬಿಡಿ. ಅದಾದ ಮೇಲೂ ‘ಪಿಯರ್ ಎಸ್‌ಟಿಪಿ’ ಹೋಗದಿದ್ದರೆ 2960-ಎಕ್ಸ್‌ನಲ್ಲಿ ‘ಕ್ಲಿಯರ್ ಸ್ಪ್ಯಾನಿಂಗ್-ಟ್ರೀ ಡಿಟೆಕ್ಟೆಡ್-ಪ್ರೋಟೋಕಾಲ್ಸ್’ ಕೊಡಿ. ಪ್ರಿಂಟರ್‌ನ ಕೇಬಲ್ ಇವತ್ತೇ ಬದಲಿಸಿ. ನಾಳೆ 10 ಗಂಟೆಗೆ ಟಿಸಿ ಎಣಿಕೆ ಎಷ್ಟಾಗಿದೆ ಎಂದು ಇಲ್ಲಿ ಹಾಕಿ.