‘ಉಪನ್ಯಾಸ’ ಪದದ ಅರ್ಥಭೇದ

ಹಿಂದಿಯಲ್ಲಿ ಕಾದಂಬರಿಕಾರ ಪ್ರೇಮಚಂದರನ್ನು ‘ಉಪನ್ಯಾಸ ಸಮ್ರಾಟ’ ಎಂದು ಕರೆಯುವುದು ರೂಢಿ. ಈ ಬಿರುದನ್ನು ಹಾಗೆಯೇ ಕನ್ನಡದಲ್ಲಿ ಬರೆದರೆ, ಅವರು ಸಭೆಗಳನ್ನು ಮಾತಿನಿಂದ ಗೆದ್ದ ವಾಗ್ಮಿ ಎಂದೇ ಓದುಗರು ತಿಳಿಯುತ್ತಾರೆ. ಏಕೆಂದರೆ ನಮಗೆ ಉಪನ್ಯಾಸವೆಂದರೆ ಒಂದು ವಿಷಯವನ್ನು ಕುರಿತು ಕ್ರಮವಾಗಿ ಆಡುವ ಮಾತು, ಉಪನ್ಯಾಸಕರೆಂದರೆ ಕಾಲೇಜಿನಲ್ಲಿ ಪಾಠ ಹೇಳುವವರು. ಹಿಂದಿ, ಬಂಗಾಳಿ, ಒಡಿಯಾ, ಅಸ್ಸಾಮಿ ಭಾಷೆಗಳಲ್ಲಾದರೋ ಅದೇ ಪದಕ್ಕೆ ಕಾದಂಬರಿ ಎಂಬ ಅರ್ಥವಿದೆ. ಇಷ್ಟು ದೂರದ ಎರಡು ಅರ್ಥಗಳು ಒಂದೇ ಸಂಸ್ಕೃತ ಪದದಿಂದ ಹೇಗೆ ಹುಟ್ಟಿದವು?

ಉಪ, ನಿ ಎಂಬ ಉಪಸರ್ಗಗಳ ಮುಂದೆ ‘ಎಸೆ’ ಎಂಬರ್ಥದ ‘ಅಸ್’ ಧಾತು ಬಂದು ಈ ಪದವಾಗಿದೆ. ನ್ಯಾಸವೆಂದರೆ ಇಡುವುದು, ಉಪನ್ಯಾಸವೆಂದರೆ ಹತ್ತಿರ ತಂದಿಡುವುದು ಅಥವಾ ಮುಂದಿಡುವುದು. ಸಂಸ್ಕೃತ ನಿಘಂಟಾದ ಅಮರಕೋಶವು ‘ಉಪನ್ಯಾಸಸ್ತು ವಾಙ್ಮುಖಮ್’ ಎನ್ನುತ್ತದೆ, ಅಂದರೆ ಮಾತಿನ ಮೊದಲು, ಪೀಠಿಕೆ. ನಾಟ್ಯಶಾಸ್ತ್ರದಲ್ಲಿ ಇದು ನಾಟಕದ ಕಥೆಯ ಐದು ಘಟ್ಟಗಳಲ್ಲಿ ಎರಡನೆಯದಾದ ಪ್ರತಿಮುಖಸಂಧಿಯ ಅಂಗಗಳಲ್ಲಿ ಒಂದಾಗಿದ್ದು, ಯುಕ್ತಿಯಿಂದ ಸಮರ್ಥಿಸಿ ಹೇಳಿದ ವಿಷಯಕ್ಕೆ ಅಲ್ಲಿ ಈ ಹೆಸರು ಸಲ್ಲುತ್ತದೆ. ಕೋಶದ ಅರ್ಥವಾಗಲಿ ಶಾಸ್ತ್ರದ ಅರ್ಥವಾಗಲಿ ಮಾತಿಗೇ ಅಂಟಿಕೊಂಡಿರುವುದರಿಂದ, ಕನ್ನಡದ ಬಳಕೆ ಮೂಲಕ್ಕೆ ಹೆಚ್ಚು ಸಮೀಪವೆಂದು ನನ್ನ ಅಭಿಪ್ರಾಯ. ತಮಿಳು ಮತ್ತು ತೆಲುಗುಗಳೂ ನಮ್ಮ ಕಡೆಗೇ ಇವೆ. ತಮಿಳಿನಲ್ಲಿ ಇದು ವಿಶೇಷವಾಗಿ ಧಾರ್ಮಿಕ ಪ್ರವಚನಕ್ಕೆ ಸಲ್ಲುತ್ತದೆ.

ಕಾದಂಬರಿಯ ಅರ್ಥ ಹತ್ತೊಂಬತ್ತನೆಯ ಶತಮಾನದ್ದು. ಪಶ್ಚಿಮದಿಂದ ಬಂದ ಹೊಸ ಗದ್ಯಪ್ರಕಾರಕ್ಕೆ ಹೆಸರು ಬೇಕಾದಾಗ ಬಂಗಾಳಿ ಬರಹಗಾರರು ಈ ಹಳೆಯ ಪದವನ್ನು ಎತ್ತಿಕೊಂಡರು. 1865ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಪ್ರಕಟವಾದ ಮೇಲೆ ಆ ಪ್ರಕಾರವೂ ಅದರೊಡನೆ ಹೆಸರೂ ಬಲವಾಗಿ ಬೇರೂರಿದವು. ಬಂಕಿಮರ ಕೃತಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು, ಅವು ಮನೆಮನೆಗಳಲ್ಲಿ ಓದಿಸಿಕೊಂಡವು, ಆದರೂ ಬಂಗಾಳಿಯ ಹೆಸರು ಇಲ್ಲಿ ನಿಲ್ಲಲಿಲ್ಲ. ಈ ಸಂಗತಿ ನನ್ನನ್ನು ಬಹಳ ಕಾಡಿದೆ. ನನಗೆ ತೋರುವಂತೆ, ಉಪನ್ಯಾಸಕ್ಕೆ ಭಾಷಣವೆಂಬ ಅರ್ಥ ನಮ್ಮಲ್ಲಿ ಗಟ್ಟಿಯಾಗಿತ್ತು. ಜೊತೆಗೆ ಮರಾಠಿಯ ‘ಕಾದಂಬರಿ’ ಕೈಗೆಟಕುವಷ್ಟು ಹತ್ತಿರವಿತ್ತು. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕೃತಿಯ ನಾಯಿಕೆಯ ಹೆಸರು ಹೀಗೆ ಒಂದು ಸಾಹಿತ್ಯಪ್ರಕಾರದ ಹೆಸರಾದುದು ಮರಾಠಿ ಮತ್ತು ಕನ್ನಡಗಳ ವಿಶೇಷ. ಗಳಗನಾಥರು ಮರಾಠಿ ಕಾದಂಬರಿಕಾರ ಹರಿ ನಾರಾಯಣ ಆಪಟೆಯವರನ್ನು ಕನ್ನಡಿಸಿದ್ದೂ ಈ ಹೆಸರಿಗೆ ಬಲ ಕೊಟ್ಟಿರಬೇಕು.

ಅನುವಾದಕರು ಇನ್ನೊಂದು ಪದವನ್ನೂ ಗಮನಿಸಬೇಕು. ನಮ್ಮ ಉಪನ್ಯಾಸಕ್ಕೆ ಹಿಂದಿಯಲ್ಲಿ ‘ವ್ಯಾಖ್ಯಾನ’ ಎನ್ನುತ್ತಾರೆ, ನಮ್ಮಲ್ಲಿ ವ್ಯಾಖ್ಯಾನವೆಂದರೆ ಗ್ರಂಥಕ್ಕೆ ಬರೆಯುವ ಅರ್ಥವಿವರಣೆ. ಆದ್ದರಿಂದ ‘ಉಪನ್ಯಾಸ ಪರ ವ್ಯಾಖ್ಯಾನ’ ಎಂಬ ಹಿಂದಿ ಶೀರ್ಷಿಕೆ ಕನ್ನಡದಲ್ಲಿ ‘ಕಾದಂಬರಿಯನ್ನು ಕುರಿತ ಉಪನ್ಯಾಸ’ ಎಂದಾಗಬೇಕು.

ಹಳೆಯ ಕನ್ನಡ ಪತ್ರಿಕೆಗಳಲ್ಲಿ ಅಥವಾ ಪುಸ್ತಕಗಳ ಮುನ್ನುಡಿಗಳಲ್ಲಿ ‘ಉಪನ್ಯಾಸ’ವನ್ನು ಕಾದಂಬರಿಯ ಅರ್ಥದಲ್ಲಿ ಬಳಸಿದ ಪ್ರಯೋಗ ಯಾರ ಕಣ್ಣಿಗಾದರೂ ಬಿದ್ದಿದ್ದರೆ, ವಾಕ್ಯವನ್ನೂ ವರ್ಷವನ್ನೂ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.