ಸಹಾಯ ಬೇಕು: ಹೊಸ ಫೋನಿನ ಬಾಡಿಯಲ್ಲಿ ಬಿರುಕು, ವಾರಂಟಿ ಕೊಡಲ್ಲ ಅಂತಿದ್ದಾರೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಹೊಸ ಫೋನ್ ತಗೊಂಡೆ. ಈಗ ಚಾರ್ಜಿಂಗ್ ಪೋರ್ಟಿನ ಪಕ್ಕ, ಪ್ಲಾಸ್ಟಿಕ್ ಫ್ರೇಮಿನಲ್ಲಿ ಕೂದಲೆಳೆಯಂಥ ಬಿರುಕು ಬಂದಿದೆ. ಅದೇ ಮೂಲೆಯಲ್ಲಿ ಹಿಂದಿನ ಪ್ಯಾನಲ್ ಎದ್ದು ನಿಂತಿದೆ, ಉಗುರು ಆರಾಮಾಗಿ ಒಳಗೆ ಹೋಗುತ್ತೆ. ಫೋನ್ ಒಮ್ಮೆಯೂ ಬಿದ್ದಿಲ್ಲ. ಮೊದಲಿನಿಂದ ಕವರ್ ಹಾಕಿಯೇ ಇದೆ. ಅಂಚಿನಲ್ಲಿ ಎಲ್ಲೂ ತಗ್ಗಿಲ್ಲ, ಗೀರಿಲ್ಲ.

ಬ್ಯಾಟರಿ ಉಬ್ಬಿರಬಹುದಾ ಅಂತ ಕೇಳಿದೆ. ಸರ್ವಿಸ್ ಸೆಂಟರಿನವರು ತೆಗೆದು ನೋಡಿ ಬ್ಯಾಟರಿ ಸರಿ ಇದೆ ಅಂದರು. ಆದರೆ ಬಿರುಕು ‘ಫಿಸಿಕಲ್ ಡ್ಯಾಮೇಜ್’ ಅಂತೆ, ವಾರಂಟಿಗೆ ಬರಲ್ವಂತೆ, ದುಡ್ಡು ಕೊಟ್ಟರೆ ಬಾಡಿ ಬದಲಿಸುತ್ತಾರಂತೆ. ಅಂಗಡಿಯವರು ‘ಕಂಪನಿಯವರನ್ನೇ ಕೇಳ್ರಿ’ ಅಂತಾರೆ. ಬರೆದು ಕೊಡಿ ಅಂದರೆ ಇಬ್ಬರೂ ಗಪ್‌ಚುಪ್! ಕಂಪನಿಗೆ ಮೇಲ್ ಹಾಕಿದೆ, ಅದೇ ಉತ್ತರ. ಬಿಲ್, ಫೋಟೋ, ಸರ್ವಿಸ್ ಸೆಂಟರಿನವರು ಕೊಟ್ಟ ಜಾಬ್ ಶೀಟ್ (ರಿಪೇರಿ ಚೀಟಿ) ಎಲ್ಲಾ ಇಟ್ಟುಕೊಂಡಿದ್ದೇನೆ.

1915 ಗ್ರಾಹಕ ಸಹಾಯವಾಣಿ ಇದೆ, ಅಲ್ಲಿ ಆಗದಿದ್ದರೆ ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಇಷ್ಟು ಗೊತ್ತು. ಆದರೆ ದಿನಾ ಕೆಲಸಕ್ಕೆ ನನಗೆ ಈ ಫೋನೇ ಬೇಕು. ಈಗ ದುಡ್ಡು ಕೊಟ್ಟು ಬಾಡಿ ಹಾಕಿಸಿದರೆ, ಇದು ತಯಾರಿಕೆಯ ದೋಷ ಅನ್ನೋದಕ್ಕೆ ಸಾಕ್ಷಿಯೇ ಹೋಗಿಬಿಡುತ್ತಾ? ಅಥವಾ ದೂರು ಮುಗಿಯುವವರೆಗೆ ಹೀಗೇ ಇಟ್ಟುಕೊಳ್ಳಬೇಕಾ? ಇಂಥ ದೂರು ಕೊಟ್ಟು ಅನುಭವ ಇರುವವರು ದಯವಿಟ್ಟು ಹೇಳಿ.