ಎಲ್ಕ್ ಬೇಟೆಗೆ ಟ್ರಕ್ ಕ್ಯಾಂಪರ್ ತಗೊಳ್ಳೋದಾ, ಟ್ರೇಲರ್ ತಗೊಳ್ಳೋದಾ?

ಕೊಡಗಿನಕಾಡು:
ಎಲ್ಲರಿಗೂ ನಮಸ್ಕಾರ. ನಾನು ಕೊಲೊರಾಡೊದ ಡೆನ್ವರ್ ಹತ್ರ ಇರೋದು, ಮೂರು ವರ್ಷದಿಂದ ನಾನೂ ನನ್ನ ಫ್ರೆಂಡೂ ಫ್ಲಾಟ್ ಟಾಪ್ಸ್ ಬೆಟ್ಟಗಳ ಕಡೆ ಎಲ್ಕ್ (ದೊಡ್ಡ ಜಾತಿ ಜಿಂಕೆ) ಬೇಟೆಗೆ ಹೋಗ್ತಿದೀವಿ, ಎರಡನೇ ರೈಫಲ್ ಸೀಸನ್, ಅಂದ್ರೆ ಅಕ್ಟೋಬರ್ ಕೊನೆ. ಇಲ್ಲೀತನಕ ಟೆಂಟಲ್ಲೇ ಮಲಗ್ತಿದ್ವಿ. ಹೋದ ವರ್ಷ ಸುಮಾರು 9,500 ಅಡಿ ಎತ್ತರದಲ್ಲಿ ರಾತ್ರಿಯಿಡೀ ಹಿಮ ಬಿದ್ದು ಟೆಂಟ್ ಕಂಬ ಬಾಗಿ ನಮ್ಮ ಮೇಲೇ ಕೂತ್ಕೊಳ್ತು, ಬೂಟೆಲ್ಲಾ ಒದ್ದೆ, ಎರಡನೇ ದಿನಕ್ಕೇ ಗಂಟುಮೂಟೆ ಕಟ್ಕೊಂಡು ವಾಪಸ್ ಬಂದ್ವಿ. ಒಂದು ಟ್ಯಾಗಿಗೆ (ಒಂದು ಪ್ರಾಣಿ ಬೇಟೆಗೆ ಸಿಗೋ ಪರ್ಮಿಟ್) ವರ್ಷವಿಡೀ ಕಾಯೋನಿಗೆ ಅದೆಷ್ಟು ನೋವು ಅಂತ ನಿಮಗೇ ಗೊತ್ತು. ನಮ್ಮ ತಾತನ ಬೇಟೆ ಕಥೆ ಕೇಳ್ಕೊಂಡೇ ಬೆಳೆದೋನು ನಾನು, ಆದ್ರೆ 1972ರ ವನ್ಯಜೀವಿ ರಕ್ಷಣೆ ಕಾನೂನು ಬಂದ್ಮೇಲೆ ಊರಲ್ಲಿ ಅದೆಲ್ಲಾ ನಿಂತೋಯ್ತು, ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡೋದಷ್ಟೇ ಉಳ್ಕೊಂಡಿದ್ದು. ಇಲ್ಲಿ ಹಂಟರ್ ಎಜುಕೇಶನ್ ಕ್ಲಾಸ್ ಮಾಡ್ಕೊಂಡು ಮೊದಲನೇ ಸಲ ಕಾಡಿಗೆ ಹೋದಾಗ ತಾತನೇ ಪಕ್ಕದಲ್ಲಿ ಇದ್ದಂಗೆ ಅನ್ಸಿತ್ತು, ಅದಕ್ಕೇ ಇದನ್ನ ಬಿಡೋಕೆ ಮನಸ್ಸಿಲ್ಲ.

ಗಾಡಿ ಫೋರ್ಡ್ ಎಫ್-150 ಪಿಕಪ್ ಟ್ರಕ್ಕು, ನಾಲ್ಕು ಬಾಗಿಲಿಂದು. ಸೆಕೆಂಡ್ ಹ್ಯಾಂಡಲ್ಲಿ ಒಂದು ಪಾಪ್-ಅಪ್ ಟ್ರಕ್ ಕ್ಯಾಂಪರ್ (ಟ್ರಕ್ ಬೆಡ್ ಮೇಲೆ ಕೂರಿಸೋ, ಚಾವಣಿ ಮೇಲೆತ್ತೋ ಪುಟ್ಟ ಮನೆ) ನೋಡಿಟ್ಟಿದೀನಿ, ಅದೇ ದುಡ್ಡಿಗೆ ಹಿಂದೆ ಎಳ್ಕೊಂಡು ಹೋಗೋ 20 ಅಡಿ ಟ್ರೇಲರ್ ಮನೇನೂ ಸಿಗ್ತಿದೆ. ಬೇಸಿಗೇಲಿ ಹೆಂಡ್ತಿ, ಮಗಳ ಜೊತೇನೂ ಹೋಗ್ಬೇಕು ಅಂತಿದೆ. ಯಾವ್ದು ತಗೊಳ್ಳಿ?

ಹಿಮದಾರಿ:
ಯಾವ್ದೂ ತಗೊಳ್ಳೋಕ್ ಮುಂಚೆ ಡ್ರೈವರ್ ಬಾಗಿಲು ತೆಗೀರಿ, ಅಲ್ಲೊಂದು ಹಳದಿ-ಬಿಳಿ ಸ್ಟಿಕ್ಕರ್ ಇರತ್ತೆ, ಜನ ಮತ್ತೆ ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರ್ದಿರತ್ತೆ. ಅದೇ ನಿಮ್ಮ ಪೇಲೋಡ್. ಜಾಹೀರಾತಲ್ಲಿ ಹಾಕೋ ನಂಬರ್ ಅಲ್ಲ, ನಿಮ್ಮ ಗಾಡಿಗೇ ಅಂತ ಬರ್ದಿರೋದು. ನನ್ನ ಹಳೇ ಹಾಫ್-ಟನ್ ಟ್ರಕ್ಕಲ್ಲಿ (ನಿಮ್ಮ ಎಫ್-150 ದರ್ಜೇದೇ) 1,580 ಇತ್ತು. ನಾವಿಬ್ರೇ 360 ಪೌಂಡು, ಕೋವಿ, ಬ್ಯಾಗು, ಊಟ, ಐಸು ಎಲ್ಲಾ ಸೇರಿ ಇನ್ನೊಂದು 250, ಉಳಿದಿದ್ದು 970. ಕ್ಯಾಂಪರ್ ಮಾರೋನು 1,100 ಪೌಂಡ್ ಅಂದಿದ್ದ, ಅದು ಖಾಲಿ ತೂಕ! ಒಂದು ಗ್ಯಾಲನ್ ನೀರಿಗೆ 8.3 ಪೌಂಡು, 20 ಗ್ಯಾಲನ್ ತುಂಬ್ಸಿದ್ರೆ 166, ಪ್ರೊಪೇನ್ ಸಿಲಿಂಡರ್ ಬೇರೆ, ಬ್ಯಾಟರಿ ಬೇರೆ. ಹಿಂದಿನ ಸ್ಪ್ರಿಂಗ್ ಕೂತೋಗಿ ಹೆಡ್‌ಲೈಟ್ ಮರದ ತುದಿ ನೋಡ್ತಿತ್ತು, ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಎದೆ ಢವಢವ. ಸ್ಪ್ರಿಂಗಿಗೆ ಆಸರೆ ಕೊಡೋ ಏರ್ ಬ್ಯಾಗ್ ಹಾಕ್ಸಿದ್ರೆ ಗಾಡಿ ಮಟ್ಟಕ್ಕೆ ಬರತ್ತೆ, ಆದ್ರೆ ಪೇಲೋಡ್ ಜಾಸ್ತಿ ಆಗಲ್ಲ, ಅದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ.

ಟ್ರೇಲರ್ ಅಂದ್ರೆ ಎಳ್ಕೊಂಡ್ ಹೋಗೋದು ತಾನೇ, ಪೇಲೋಡಿಗೇನು ಅನ್ಬೇಡಿ. ಅದರ ತೂಕದಲ್ಲಿ 10ರಿಂದ 15 ಪರ್ಸೆಂಟ್ ಹಿಚ್ (ಟ್ರಕ್ಕಿಗೆ ಸೇರಿಸೋ ಕೊಂಡಿ) ಮೇಲೆ ಕೂರತ್ತೆ. 4,500 ಪೌಂಡ್ ಟ್ರೇಲರ್ ಆದ್ರೆ ಸುಮಾರು 450ರಿಂದ 675, ಅದೂ ಅದೇ ಸ್ಟಿಕ್ಕರ್ ನಂಬರಲ್ಲೇ ಕಳೀಬೇಕು. ಟ್ರಕ್ ಸ್ಟಾಪಲ್ಲಿ ಕ್ಯಾಟ್ ಸ್ಕೇಲ್ ಅಂತ ಗಾಡಿ ತೂಕ ಮಾಡೋ ಯಂತ್ರ ಇರತ್ತೆ, ತುಂಬ್ಸಿದ ಗಾಡಿ ಒಂದ್ಸಲ ಹತ್ತಿಸಿ ನೋಡಿ.

ಒಂಟಿಗ್ಯಾನ:
ನಾನು ಟ್ರೇಲರ್ ಪಾರ್ಟಿ, ಗನ್ನಿಸನ್ ಕಡೆ ಏಳು ವರ್ಷದಿಂದ ಹೋಗ್ತಿದೀನಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಟ್ರಕ್ ಸ್ಟಾರ್ಟ್ ಮಾಡ್ಕೊಂಡು ಹೋಗ್ತಾ ಇರೋದು, ಮನೆ ಇದ್ದಲ್ಲೇ ಇರತ್ತೆ, ಹೀಟರ್ ಇರತ್ತೆ, ಒದ್ದೆ ಬಟ್ಟೆ ಒಣಗತ್ತೆ. ಕ್ಯಾಂಪರ್ ಆದ್ರೆ ದಿನಾ ಮನೇನೇ ಹೊತ್ಕೊಂಡು ಕಾಲುದಾರಿ ಶುರುವಾಗೋ ಟ್ರೇಲ್‌ಹೆಡ್‌ಗೆ ಹೋಗ್ಬೇಕು, ಇಲ್ಲಾ ಜಾಕ್ ಮೇಲೆ ಇಳಿಸ್ಬೇಕು, ಅದಕ್ಕೆ ಮಟ್ಟಸ ಜಾಗ ಬೇಕು.

ಆದ್ರೆ ಟ್ರೇಲರ್ ಎಲ್ಲೀತನಕ ತಗೊಂಡೋಗ್ತೀರಾ ಅನ್ನೋದ್ರಲ್ಲೇ ಎಲ್ಲಾ ಇರೋದು. ಎರಡನೇ ವರ್ಷ ನಾನು ಆಸೆಗೆ ಬಿದ್ದು ಫಾರೆಸ್ಟ್ ರೋಡಲ್ಲಿ ಏಳು ಮೈಲಿ ಒಳಗೆ ಎಳ್ಕೊಂಡು ಹೋದೆ, ಮುಂದೆ ಮರ ಬಿದ್ದಿತ್ತು, ತಿರುಗಿಸೋಕೆ ಜಾಗ ಇಲ್ಲ, ಕತ್ತಲಲ್ಲಿ ಮುಕ್ಕಾಲು ಮೈಲಿ ರಿವರ್ಸ್ ಬಂದೆ, ಫ್ರೆಂಡ್ ಟಾರ್ಚ್ ಹಿಡ್ಕೊಂಡು ಹಿಂದೆ ಹಿಂದೆ ನಡೀತಿದ್ದ. ಮರುದಿನ ಹಿಮ, ಎರಡು ದಿನ ಅಲ್ಲೇ. ಆವತ್ತಿಂದ ಕೌಂಟಿಯವರು ಹಿಮ ತೆಗೆಯೋ ರಸ್ತೆ ಎಲ್ಲಿ ಮುಗಿಯತ್ತೋ ಅಲ್ಲೇ ನಿಲ್ಲಿಸ್ತೀನಿ. ನ್ಯಾಷನಲ್ ಫಾರೆಸ್ಟಲ್ಲಿ ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನದ ಲಿಮಿಟ್ ಇರತ್ತೆ, ಯಾವ ರಸ್ತೇಲಿ ಗಾಡಿ ಬಿಡ್ತಾರೆ ಅನ್ನೋದಕ್ಕೆ ಅವರದ್ದೇ ಮೋಟಾರ್ ವೆಹಿಕಲ್ ಮ್ಯಾಪ್ ಇದೆ, ಫ್ರೀಯಾಗಿ ಸಿಗತ್ತೆ, ಅದನ್ನ ನೋಡ್ದೆ ಹೋಗ್ಬೇಡಿ. ಹಿಮದಲ್ಲಿ ಚಕ್ರಕ್ಕೆ ಸುತ್ತೋ ಚೈನ್ ಟ್ರಕ್ಕಿಗೆ ಮಾತ್ರ ಅಲ್ಲ, ಟ್ರೇಲರಿನ ಬ್ರೇಕ್ ಇರೋ ಚಕ್ರಕ್ಕೂ ಒಂದು ಜೊತೆ ಇಟ್ಕೊಳ್ಳಿ, ಇಳಿಜಾರಲ್ಲಿ ಟ್ರೇಲರೇ ನಿಮ್ಮನ್ನ ತಳ್ಳೋದು.

ಮಲ್ನಾಡ್ ಮಳೆ:
ಒಂಟಿಗ್ಯಾನ ಹೇಳಿದ್ದು ಸರಿ, ಆದ್ರೆ ಎಲ್ಕ್ ಒಂದೇ ಕಡೆ ಕೂತಿರಲ್ಲ. ಶನಿವಾರ ಬೆಳಗ್ಗೆ ನಾಲ್ಕು ಗುಂಡು ಹಾರಿದ್ರೆ ಸಾಕು, ಹಿಂಡು ಎರಡು ಬೆಟ್ಟ ದಾಟಿರತ್ತೆ. ನಾನು ಕ್ಯಾಂಪರ್ ಇಟ್ಟಿರೋದು ಅದಕ್ಕೇ, ಸಂಜೆ ಹೊತ್ಗೆ ಇನ್ನೊಂದು ಕಣಿವೇಲಿ ಇರ್ತೀನಿ, ಹಿಚ್ ಬಿಚ್ಚೋದಿಲ್ಲ ಕಟ್ಟೋದಿಲ್ಲ. ಆದ್ರೆ ನಂದು ಜಾಸ್ತಿ ತೂಕ ಹೊರೋ ಒನ್-ಟನ್ ಟ್ರಕ್ಕು, ಅದನ್ನ ಮುಚ್ಚಿಡೋದು ಸರಿಯಲ್ಲ.

ಪಾಪ್-ಅಪ್ ಗೋಡೆ ಬಟ್ಟೇದು, 10 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಾಗ ಹೀಟರ್ ನಿಲ್ಲೋದೇ ಇಲ್ಲ, ಒಳಗೆಲ್ಲಾ ನೀರು ಬೆವರತ್ತೆ. ಹೀಟರ್ ಪ್ರೊಪೇನಿಂದ ಉರಿದ್ರೂ ಅದರ ಫ್ಯಾನ್ ಬ್ಯಾಟರೀನ ತಿನ್ನತ್ತೆ, ಚಳೀಲಿ ಹಳೇ ಥರದ ಬ್ಯಾಟರಿ ಅರ್ಧ ರಾತ್ರಿಗೇ ಕೈ ಕೊಡತ್ತೆ. ಲಿಥಿಯಂ ಹಾಕ್ಸೋದಾದ್ರೆ ನೀರು ಹೆಪ್ಪುಗಟ್ಟೋ ಚಳೀಲಿ ಅದನ್ನ ಚಾರ್ಜ್ ಮಾಡಬಾರದು, ಬ್ಯಾಟರಿ ಒಳಗೇ ಇರ್ಲಿ ಇಲ್ಲಾ ಹೀಟಿಂಗ್ ಇರೋದನ್ನ ತಗೊಳ್ಳಿ. ಅಕ್ಟೋಬರಲ್ಲಿ ನಾನು ಪೈಪಿಗೆ ನೀರೇ ಬಿಡಲ್ಲ, ಹೆಪ್ಪುಗಟ್ಟದಂಗೆ ಗುಲಾಬಿ ಆಂಟಿಫ್ರೀಝ್ ಹಾಕಿ ಕ್ಯಾನಲ್ಲಿ ನೀರು ತಗೊಂಡೋಗ್ತೀನಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಎರಡಕ್ಕೂ ಬೇಕೇಬೇಕು, ಸೆಕೆಂಡ್ ಹ್ಯಾಂಡ್ ಅಂದ್ರಲ್ಲ, ಹಳೇದನ್ನ ಕಿತ್ತಾಕಿ ಹೊಸದು ಹಾಕ್ಸಿ, ಇದನ್ನ ಕೈ ಮುಗಿದು ಹೇಳ್ತಿದೀನಿ.

ಕೊಡಗಿನಕಾಡು:
ಸ್ಟಿಕ್ಕರ್ ನೋಡಿದೆ, 1,612. ಲೆಕ್ಕ ಹಾಕಿದ್ರೆ ಕ್ಯಾಂಪರಿಗೆ ಜಾಗಾನೇ ಇಲ್ಲ. ಇನ್ನೊಂದು ಡೌಟು, ಒಂದು ಬುಲ್ (ಗಂಡು ಎಲ್ಕ್) ಸಿಕ್ತು ಅಂದ್ಕೊಳ್ಳಿ, ಮಾಂಸ ಎಲ್ಲಿಡೋದು?

ಒಂಟಿಗ್ಯಾನ:
ಇದನ್ನ ಮೊದ್ಲೇ ಕೇಳ್ಬೇಕಿತ್ತು ನೋಡಿ. ದೊಡ್ಡ ಬುಲ್ 700 ಪೌಂಡ್ ತೂಗತ್ತೆ, ಮೂಳೆ ಬಿಡಿಸಿದ್ರೂ 200 ಪೌಂಡ್ ಹತ್ರ ಮಾಂಸ. ಕ್ಯಾಂಪರ್ ಕೂರಿಸಿದ್ರೆ ಟ್ರಕ್ ಬೆಡ್ ಪೂರ್ತಿ ಹೋಯ್ತು, ಕೂಲರ್ ಇಡೋಕೆ ಹಿಂದಿನ ಸೀಟೇ ಗತಿ. ಟ್ರೇಲರ್ ಇದ್ರೆ ಬೆಡ್ ಖಾಲಿ, ದೊಡ್ಡ ಕೂಲರ್ ಎರಡು ಆರಾಮಾಗಿ ಕೂರತ್ತೆ. ವಾಪಸ್ ಬರೋವಾಗಿನ ಲೆಕ್ಕಕ್ಕೆ ಈ 200ನ್ನೂ ಸೇರಿಸ್ಕೊಳ್ಳಿ, ಟ್ರೇಲರ್ 4,000 ಪೌಂಡ್ ಒಳಗಿಂದೇ ಹುಡ್ಕಿ. ಮಾಂಸ ಗೇಮ್ ಬ್ಯಾಗಲ್ಲಿ (ಗಾಳಿಯಾಡೋ ಬಟ್ಟೆ ಚೀಲ) ಹಾಕಿ ನೆರಳಲ್ಲಿ ಗಾಳಿಗೆ ತೂಗು ಹಾಕಿ, ಕರಡಿ ಕೈಗೆ ಸಿಗದಂಗೆ ಎತ್ತರದಲ್ಲಿ. ಗಂಡೋ ಹೆಣ್ಣೋ ಅನ್ನೋ ಗುರುತು ಮಾಂಸಕ್ಕೆ ಅಂಟ್ಕೊಂಡೇ ಇರ್ಬೇಕು, ಅದು ಕೊಲೊರಾಡೊ ರೂಲು.

ಕೊಡಗಿನಕಾಡು:
ಸರಿ, ಶನಿವಾರ ಒಂದು 17 ಅಡೀದು ನೋಡೋಕೆ ಹೋಗ್ತಿದೀನಿ, 3,600 ಪೌಂಡು ಅಂತ ಹೇಳಿದಾರೆ, ಖಾಲಿದೋ ತುಂಬಿದ್ದೋ ಅಂತ ಕೇಳ್ತೀನಿ. ಊರಿಂದ ಅಮ್ಮ ಕಳ್ಸಿದ ಕಾಚಂಪುಳಿ ಬಾಟ್ಲಿ ಹಂಗೇ ಇಟ್ಟಿದೀನಿ, ಈ ಸಲ ಎಲ್ಕ್ ಸಿಕ್ರೆ ಒಂಟಿಗ್ಯಾನ ಅವರೇ, ಕರಿ ಮಾಡಿ ಗನ್ನಿಸನ್‌ಗೇ ತರ್ತೀನಿ.